ಹನ್ನೊಂದು ಮಂದಿ ನೋಡಿದ ಚಿತ್ರ

ಭಾನುವಾರ ಮಧ್ಯಾಹ್ನ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಆರಂಭವಾಗಿ ರಾತ್ರಿ ಹನ್ನೊಂದರವರೆಗೆ ನಡೆದ ಮಾತುಕತೆ ಇದು. ಗುಂಪಿನಲ್ಲಿ ನಲವತ್ತಮೂರು ಮಂದಿ ಇದ್ದೇವೆ. ಮೂಲ ಕುಂದಾಪುರದ ಕಡೆ. ಈಗ ಮುಂಬಯಿ, ಪುಣೆ, ಗೋವಾಗಳಲ್ಲಿ ಹರಡಿಕೊಂಡಿದ್ದೇವೆ. ಅಣ್ಣನ ಮಗ ಒಂದು ಸಣ್ಣ ಬಂಡವಾಳದ ಕನ್ನಡ ಚಿತ್ರದಲ್ಲಿ ಸಹಾಯಕ ನಿರ್ದೇಶಕನಾಗಿ ದುಡಿದಿದ್ದಾನೆ. ಚಿತ್ರದ ಹೆಸರನ್ನೂ ನಮ್ಮ ಹೆಸರುಗಳನ್ನೂ ಬಿಟ್ಟು, ಮಾತನಾಡಿದವರ ಒಪ್ಪಿಗೆ ಪಡೆದು ಬರೆದಿಡುತ್ತಿದ್ದೇನೆ.

ಅಣ್ಣ, ಡೊಂಬಿವಲಿ: ಎಲ್ಲರಿಗೂ ನಮಸ್ಕಾರ. ನಮ್ಮ ಹುಡುಗನ ಚಿತ್ರ ಶುಕ್ರವಾರ ತೆರೆಗೆ ಬಂದಿದೆ. ಕೆಳಗಿನ ಕೊಂಡಿಯನ್ನು ಒತ್ತಿ ಪ್ರತಿಯೊಬ್ಬರೂ ಹತ್ತಕ್ಕೆ ಹತ್ತು ಅಂಕ ಕೊಡಬೇಕು. ಮನೆಯಲ್ಲಿ ಎಷ್ಟು ಮೊಬೈಲ್ ಇವೆಯೋ ಅಷ್ಟರಿಂದಲೂ ಕೊಡಿ. ನೋಡಲು ಬಿಡುವಿಲ್ಲದವರೂ ಕೊಡಬಹುದು, ಅಲ್ಲಿ ಟಿಕೆಟ್ ಕೇಳುವುದಿಲ್ಲ. ಈಗ 3.9ಕ್ಕೆ ಇಳಿದಿದೆ.

ಅತ್ತಿಗೆ, ಡೊಂಬಿವಲಿ: ಒಂದೂವರೆ ವರ್ಷದಿಂದ ಮಗ ಹಬ್ಬಕ್ಕೂ ಮನೆಗೆ ಬಂದಿಲ್ಲ. ದಯವಿಟ್ಟು ಸಹಕರಿಸಿ.

ಚಿಕ್ಕಮ್ಮ, ಮಾಟುಂಗ: ಕೊಟ್ಟೆ. ಚಿಕ್ಕಪ್ಪನ ಮೊಬೈಲಿನಿಂದಲೂ ಕೊಟ್ಟೆ.

ತಮ್ಮ, ಪೋಂಡಾ: ಅಣ್ಣ, ಅದೇ ಪುಟದಲ್ಲಿ ಯಾರೋ ಬರೆದದ್ದನ್ನು ನೋಡು. "ನಿದ್ದೆ ಬಾರದವರಿಗೆ ಗುಳಿಗೆ ಬೇಡ, ಈ ಚಿತ್ರದ ಟಿಕೆಟ್ ಸಾಕು." ಇನ್ನೊಬ್ಬರು "ಎರಡು ಗಂಟೆ ಹತ್ತು ನಿಮಿಷ ನನ್ನ ಆಯಸ್ಸಿನಿಂದ ಕಳೆದುಹೋಯಿತು" ಎಂದಿದ್ದಾರೆ. ಅವುಗಳ ಕೆಳಗೆ ನಾವು ಹೋಗಿ ಹತ್ತು ಹತ್ತು ಎಂದು ಬರೆದರೆ ಯಾರು ನಂಬುತ್ತಾರೆ?

ಅಣ್ಣ, ಡೊಂಬಿವಲಿ: ಅದನ್ನು ಇಲ್ಲಿ ತಂದು ಹಾಕುವ ಅಗತ್ಯ ಏನಿತ್ತು? ಹುಡುಗ ಇದೇ ಗುಂಪಿನಲ್ಲಿದ್ದಾನೆ.

ನಾನು: ಅಣ್ಣ, ನಾನು ಇವತ್ತು ಬೆಳಿಗ್ಗೆ ಚಿತ್ರ ನೋಡಿ ಬಂದೆ. ಮುಲುಂಡಿನಿಂದ ಠಾಣೆಯ ಚಿತ್ರಮಂದಿರಕ್ಕೆ ಹೋಗಿದ್ದೆ, 9.15ರ ಆಟ, 180 ರೂಪಾಯಿ. ಹತ್ತು ಕೊಡಲು ನನ್ನಿಂದ ಆಗುವುದಿಲ್ಲ.

ಅಣ್ಣ, ಡೊಂಬಿವಲಿ: ಹೊರಗಿನವರು ಬೈದರೆ ಸಹಿಸಬಹುದು. ಅತ್ತೆಯೇ ಕೈಬಿಟ್ಟರೆ ಅವನು ಯಾರ ಮುಖ ನೋಡಬೇಕು?

ನಾನು: ಕೈಬಿಡುವವಳಾಗಿದ್ದರೆ ಭಾನುವಾರ ಬೆಳಿಗ್ಗೆ ಎದ್ದು ಹೋಗುತ್ತಿರಲಿಲ್ಲ. ಚಿತ್ರಮಂದಿರದಲ್ಲಿ ನನ್ನನ್ನೂ ಸೇರಿಸಿ ಹನ್ನೊಂದು ಮಂದಿ ಇದ್ದೆವು. ನೋಡಿದ್ದನ್ನು ನೋಡಿದ ಹಾಗೆ ಬರೆಯುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಕಥೆ ನಮ್ಮದೇ. ಮುಂಬಯಿಯಲ್ಲಿ ಹೋಟೆಲು ನಡೆಸಿ ವಯಸ್ಸಾದ ಮಗ ಊರಿನ ಮನೆ ಮಾರಲು ಬರುತ್ತಾನೆ, ತಾಯಿ ಒಪ್ಪುವುದಿಲ್ಲ. ಮೊದಲ ಅರ್ಧ ಗಂಟೆಯಲ್ಲಿ ಮಾವಿನ ಮರದ ಕೆಳಗೆ ನಾಲ್ಕು ಜನ ಕುಳಿತು, ಮನೆ ಮಾರಬೇಕೋ ಬೇಡವೋ ಎಂದು ಮಾತನಾಡುತ್ತಾರೆ. ಆಮೇಲೆ ಜಗಲಿಯಲ್ಲಿ ಕುಳಿತು ಅದನ್ನೇ ಮಾತನಾಡುತ್ತಾರೆ. ಆಮೇಲೆ ಹಾಡು, ಹಾಡಿನಲ್ಲೂ ಅದೇ. ನನ್ನ ಮುಂದಿನ ಸಾಲಿನಲ್ಲಿದ್ದ ಗಂಡ ಹೆಂಡತಿ ಜಗಲಿಯ ದೃಶ್ಯ ಮುಗಿಯುವ ಮೊದಲೇ ಎದ್ದು ಹೋದರು. ಅವರನ್ನು ನಾನು ತಪ್ಪು ಎನ್ನಲಾರೆ.

ಮಗ ಕುಂದಾಪುರ ನಿಲ್ದಾಣದಲ್ಲಿ ಇಳಿಯುವಾಗ ನೆತ್ತಿಯ ಮೇಲೆ ಬಿಸಿಲು, ಅಂಗಿಯಲ್ಲಿ ಒಂದು ಸುಕ್ಕಿಲ್ಲ. ಅದಕ್ಕೂ ಮೊದಲು ಅವನು ಮುಂಬಯಿಯ ಕುರ್ಲಾದಲ್ಲಿ ಮತ್ಸ್ಯಗಂಧ ರೈಲು ಹತ್ತಿದ್ದನ್ನು ತೋರಿಸಿದ್ದಾರೆ. ಮಧ್ಯಾಹ್ನ ಹೊರಟ ಆ ಗಾಡಿ ನಮ್ಮನ್ನು ಬೆಳಗಿನ ಜಾವದ ಕತ್ತಲಲ್ಲಿ ಇಳಿಸುತ್ತದೆ. ಪಕ್ಕದಲ್ಲಿದ್ದವರು ತಮ್ಮಷ್ಟಕ್ಕೆ "ಇವನು ಯಾವ ಗಾಡಿಯಲ್ಲಿ ಬಂದ?" ಎಂದರು. ನಾನೂ ಅದನ್ನೇ ಯೋಚಿಸುತ್ತಿದ್ದೆ. ಇಂಥದ್ದೊಂದು ಕಂಡ ಕೂಡಲೇ ನೋಡುವವರ ಮನಸ್ಸು ಕಥೆಯಿಂದ ಹೊರಗೆ ಬಂದು ನಿಲ್ಲುತ್ತದೆ, ಮತ್ತೆ ಒಳಗೆ ಕರೆದುಕೊಂಡು ಹೋಗುವುದು ಕಷ್ಟ.

ತಮ್ಮ, ಪೋಂಡಾ: ನಾನು ಹೇಳಿದ್ದೂ ಅದನ್ನೇ.

ನಾನು: ನೀನು ಹೇಳಿದ್ದು ಅದಲ್ಲ. ನೀನು ಚಿತ್ರವನ್ನೇ ನೋಡಿಲ್ಲ, ಯಾರದೋ ಬೈಗುಳ ತಂದು ಹಾಕಿದ್ದೀಯ. ನೋಡದೆ ಹತ್ತು ಕೊಡುವುದು ತಪ್ಪಾದರೆ ನೋಡದೆ ನಿದ್ದೆಗುಳಿಗೆ ಎನ್ನುವುದೂ ತಪ್ಪು. ನನ್ನ ಮಾತು ಇನ್ನೂ ಮುಗಿದಿಲ್ಲ.

ಮಧ್ಯಂತರದ ನಂತರ ಒಂದು ದೃಶ್ಯವಿದೆ. ತಾಯಿ ಅಕ್ಕಿ ಡಬ್ಬಿಯೊಳಗೆ ಮೊಣಕೈವರೆಗೆ ಕೈ ಹಾಕಿ, ತಳದಿಂದ ಬಾಳೆನಾರಿನಲ್ಲಿ ಕಟ್ಟಿದ ಒಂದು ಕಂತೆ ತೆಗೆಯುತ್ತಾಳೆ. ಮಗ ಹುಡುಗನಾಗಿದ್ದಾಗ ಕಳಿಸುತ್ತಿದ್ದ ಮನಿಯಾರ್ಡರಿನ ಕೂಪನ್‌ಗಳು, ಹಣದ ಜೊತೆ ಎರಡು ಸಾಲು ಬರೆದು ಕಳಿಸುತ್ತಿದ್ದ ಚೀಟಿಗಳು. ಆಕೆಗೆ ಓದು ಬರದು. ಒಂದೊಂದನ್ನೂ ಸೆರಗಿನಲ್ಲಿ ಒರೆಸುತ್ತಾಳೆ, ಅಂಟಿದ ಅಕ್ಕಿ ಹುಡಿ ಹೋಗುವ ಹಾಗೆ, ಮತ್ತೆ ನೆಲದ ಮೇಲೆ ಸಾಲಾಗಿ ಇಡುತ್ತಾಳೆ. ಮೊದಲಿನವುಗಳಲ್ಲಿ ಅಕ್ಷರ ದೊಡ್ಡದು, ಗೆರೆ ಮೀರಿದ್ದು. ಬರಬರುತ್ತ ಸಣ್ಣದಾಗಿ ನೇರವಾಗುತ್ತದೆ. ಮಗ ರಾತ್ರಿ ಶಾಲೆಗೆ ಸೇರಿದ್ದು ಹೀಗೆ ನಮಗೆ ತಿಳಿಯುತ್ತದೆ, ಯಾರೂ ಹೇಳುವುದಿಲ್ಲ. ನನ್ನ ಸಾಲಿನ ತುದಿಯಲ್ಲಿ ಎಪ್ಪತ್ತು ದಾಟಿದ ಒಬ್ಬರು ಕುಳಿತಿದ್ದರು. ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಅವರ ಭುಜ ಅಲುಗುತ್ತಿತ್ತು.

ಅಷ್ಟರಲ್ಲಿ ಪಿಟೀಲು ಆರಂಭವಾಯಿತು, ಅದರ ಮೇಲೆ ಮಗನ ದನಿಯಲ್ಲಿ ಕೂಪನ್‌ಗಳ ಓದು. "ಅಮ್ಮಾ, ನಾನು ಇಲ್ಲಿ ಕ್ಷೇಮ." ಒಂದಾದ ಮೇಲೆ ಒಂದು, ಏಳು ಕೂಪನ್. ಆ ಹಿರಿಯರು ಕಣ್ಣು ಒರೆಸಿಕೊಂಡು ಕನ್ನಡಕ ಹಾಕಿಕೊಂಡರು. ಜೇಬಿನಿಂದ ಮೊಬೈಲ್ ತೆಗೆದು ನೋಡತೊಡಗಿದರು.

ನಾನು ಬರೆಯುವುದಾದರೆ ಇದನ್ನು ಬರೆಯುತ್ತೇನೆ ಅಣ್ಣ. ಹತ್ತರಲ್ಲಿ ನಾಲ್ಕು ಕೊಡುತ್ತೇನೆ, ಯಾಕೆ ನಾಲ್ಕು ಎಂದು ಹೇಳುತ್ತೇನೆ.

ಅಣ್ಣ, ಡೊಂಬಿವಲಿ: ನಾಲ್ಕು ಕೊಟ್ಟರೆ ಈಗಿರುವ 3.9ಕ್ಕೆ ಏನೂ ಆಗುವುದಿಲ್ಲ. ಕೋಟಿಗಟ್ಟಲೆ ಸುರಿದ ಚಿತ್ರಗಳ ಜೊತೆ ಇದನ್ನು ಒಂದೇ ತಕ್ಕಡಿಯಲ್ಲಿ ತೂಗುತ್ತೀಯ? ಅವರ ಬಳಿ ದುಡ್ಡಿರಲಿಲ್ಲ. ಎರಡು ದೀಪ ಇಟ್ಟುಕೊಂಡು ಚಿತ್ರೀಕರಣ ಮಾಡಿದ್ದಾರೆ.

ಅಕ್ಕನ ಮಗಳು, ಪುಣೆ: ಚಿಕ್ಕಮ್ಮ, ಮಾವ ಹೇಳುವುದರಲ್ಲಿ ಸತ್ಯವಿದೆ. ಇಲ್ಲಿ ಚಿತ್ರರಸಗ್ರಹಣದ ತರಗತಿಯಲ್ಲಿ ನಮಗೆ ಇದನ್ನು ಬಿಡಿಸಿ ಹೇಳಿದ್ದರು. ಕ್ಯಾಮೆರಾವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಇಟ್ಟರೆ ದೀಪಗಳನ್ನೂ ಹೊಸದಾಗಿ ಹೊಂದಿಸಬೇಕು, ಹೊತ್ತು ಹೋಗುತ್ತದೆ. ದುಡ್ಡಿಲ್ಲದವರು ನಾಲ್ಕು ಜನರನ್ನೂ ಒಂದೇ ಚೌಕಟ್ಟಿನಲ್ಲಿ ಕೂರಿಸಿ ಪೂರ್ತಿ ದೃಶ್ಯವನ್ನು ತೆಗೆದುಬಿಡುತ್ತಾರೆ. ಆಮೇಲೆ ಸಂಕಲನಕಾರರಿಗೆ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ಹೋಗಲು ತುಣುಕುಗಳೇ ಇರುವುದಿಲ್ಲ. ಮಾವಿನ ಮರದ ಕೆಳಗಿನ ಮಾತು ಉದ್ದವಾದದ್ದು ಬಹುಶಃ ಹಾಗೆ.

ತಮ್ಮ, ಪೋಂಡಾ: ಬಡತನದ ನೆಪ ಎಲ್ಲಿಯವರೆಗೆ? ಮಂಡ್ಯದ ಹಳ್ಳಿಯವರೇ ನಟಿಸಿದ 'ತಿಥಿ' 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಿಂದ ಪ್ರಶಸ್ತಿ ತಂದಿತು. ಅದರಲ್ಲಿ ಹೆಸರಾಂತ ನಟರು ಒಬ್ಬರೂ ಇರಲಿಲ್ಲ. ಪ್ರತಿ ವರ್ಷ ಪಣಜಿಯ ಚಿತ್ರೋತ್ಸವಕ್ಕೆ ಹೋಗುತ್ತೇನೆ, ದುಡ್ಡಿಲ್ಲದೆ ಮಾಡಿದ ಒಳ್ಳೆಯ ಚಿತ್ರಗಳನ್ನು ಬೇಕಾದಷ್ಟು ನೋಡಿದ್ದೇನೆ.

ಅಕ್ಕನ ಮಗಳು, ಪುಣೆ: ಅದನ್ನು ಒಪ್ಪುತ್ತೇನೆ. ಗಿರೀಶ ಕಾಸರವಳ್ಳಿಯವರು ಇದೇ ಪುಣೆಯ ಚಲನಚಿತ್ರ ಸಂಸ್ಥೆಯಲ್ಲಿ ಕಲಿತು ಹೊರಬಂದು, 1977ರಲ್ಲಿ ಕಪ್ಪು ಬಿಳುಪಿನ 'ಘಟಶ್ರಾದ್ಧ' ಮಾಡಿದರು. ಮೊದಲ ಚಿತ್ರಕ್ಕೇ ಸ್ವರ್ಣಕಮಲ. ಆದರೆ ಮಾವ, ಎಲ್ಲ ಮೊದಲ ಚಿತ್ರಗಳೂ ಅಂಥವೇ ಆಗಬೇಕು ಎಂದರೆ ಯಾರು ಚಿತ್ರ ಮಾಡುತ್ತಾರೆ?

ನಾನು: ಕ್ಯಾಮೆರಾ ಕದಲಲಿಲ್ಲ ಎಂದು ನನಗೆ ಬೇಸರವಾಗಲಿಲ್ಲ ಮಗಳೇ. ಅಕ್ಕಿ ಡಬ್ಬಿಯ ದೃಶ್ಯದಲ್ಲೂ ಕ್ಯಾಮೆರಾ ಇಟ್ಟ ಜಾಗ ಬಿಟ್ಟು ಸರಿಯಲಿಲ್ಲ. ಅಲ್ಲಿ ಒಬ್ಬರೂ ಕೆಮ್ಮಲಿಲ್ಲ. ಪಿಟೀಲು ಮತ್ತು ದನಿ ಇಲ್ಲದೆ ಇದ್ದಿದ್ದರೆ ಚಿತ್ರ ಇನ್ನೂ ಅಗ್ಗವಾಗುತ್ತಿತ್ತು, ಇನ್ನೂ ಒಳ್ಳೆಯದಾಗುತ್ತಿತ್ತು. ಬೇಸರ ಬಂದದ್ದು ದುಡ್ಡು ಕಡಿಮೆಯಾದ ಕಡೆಯಿಂದ ಅಲ್ಲ. ತೋರಿಸಿದ್ದನ್ನು ನಾವು ಗ್ರಹಿಸುತ್ತೇವೆ ಎಂಬ ನಂಬಿಕೆ ಕಡಿಮೆಯಾದ ಕಡೆಯಿಂದ.

ಅಣ್ಣ, ಡೊಂಬಿವಲಿ: ಇದನ್ನೆಲ್ಲ ಅವನಿಗೆ ಫೋನಿನಲ್ಲಿ ಹೇಳು. ಎಲ್ಲರ ಎದುರು ಯಾಕೆ? ಆ ಪುಟದಲ್ಲಂತೂ ಯಾಕೆ?

ನಾನು: ನಿನ್ನ ಹತ್ತುಗಳನ್ನು ನಂಬಿ ವಾಶಿಯಿಂದಲೋ ವಸಾಯಿಯಿಂದಲೋ ಒಬ್ಬರು ಮಕ್ಕಳನ್ನು ಕರೆದುಕೊಂಡು ಬರುತ್ತಾರೆ ಎಂದು ಇಟ್ಟುಕೋ. ನಾಲ್ಕು ಟಿಕೆಟ್, ಲೋಕಲ್, ರಿಕ್ಷಾ, ಮಕ್ಕಳಿಗೆ ತಿಂಡಿ. ಮಾವಿನ ಮರದ ಕೆಳಗೆ ಅರ್ಧ ಗಂಟೆ ಕಳೆದ ಮೇಲೆ ಅವರಿಗೆ ಮೋಸ ಹೋದೆವು ಎನ್ನಿಸುತ್ತದೆ. ಮುಂದಿನ ಕನ್ನಡ ಚಿತ್ರಕ್ಕೆ ಆ ಮನೆಯಿಂದ ಯಾರೂ ಬರುವುದಿಲ್ಲ. ಈ ಊರಿನಲ್ಲಿ ಸಣ್ಣ ಕನ್ನಡ ಚಿತ್ರಕ್ಕೆ ಸಿಗುವುದೇ ಬೆಳಗಿನ ಒಂದು ಆಟ. ಇವತ್ತು ಹನ್ನೊಂದು ಮಂದಿ ಇದ್ದೆವು. ಮೂರಾದ ದಿನ ಆ ಆಟವೂ ಇರುವುದಿಲ್ಲ. ಅತ್ತೆ ಎಂಬ ಕಾರಣಕ್ಕೆ ಹತ್ತು ಕೊಟ್ಟರೆ ಅದು ಅವನ ಕೆಲಸಕ್ಕೆ ಕೊಟ್ಟ ಅಂಕವಾಗುವುದಿಲ್ಲ. ನನಗೆ ಅವನ ಕೆಲಸದ ಮೇಲೆ ಆಸೆಯಿದೆ.

ಅತ್ತಿಗೆ, ಡೊಂಬಿವಲಿ: ಆ ಹಿರಿಯರು ನಿಜವಾಗಿಯೂ ಅತ್ತರೇ?

ನಾನು: ಹೌದು ಅತ್ತಿಗೆ, ನಿಜವಾಗಿಯೂ. ಹೊರಗೆ ಬಂದ ಮೇಲೆ ಮಾತನಾಡಿಸಿದೆ. ಮುಂಬಯಿಯ ಫೋರ್ಟಿನಲ್ಲಿ ಹೋಟೆಲು ಮಾಣಿಯಾಗಿದ್ದವರಂತೆ, ಕಾರ್ಕಳದ ಕಡೆಯವರು. ಚಿತ್ರ ಹೇಗಿತ್ತು ಎಂದು ಕೇಳಿದೆ. "ಆ ಚೀಟಿಗಳನ್ನು ನಮ್ಮಮ್ಮನೂ ಇಟ್ಟುಕೊಂಡಿದ್ದಳು" ಎಂದು ಹೇಳಿ ಲಿಫ್ಟಿನ ಕಡೆಗೆ ಹೋದರು. ಚಿತ್ರದ ಬಗ್ಗೆ ಬೇರೆ ಒಂದು ಮಾತೂ ಆಡಲಿಲ್ಲ.

ಸೋದರಳಿಯ: ಅಪ್ಪ, ದಯವಿಟ್ಟು ಯಾರ ಬಳಿಯೂ ಅಂಕ ಕೇಳಬೇಡಿ. ಅಂಕದಿಂದ ನಿರ್ಮಾಪಕರಿಗೆ ಒಂದು ರೂಪಾಯಿಯೂ ಬರುವುದಿಲ್ಲ. ಅತ್ತೆ ಕೊಟ್ಟ 180ರಲ್ಲಿ ಶೇಕಡಾ 18ರ ಜಿಎಸ್‌ಟಿ ಕಳೆದರೆ ಸುಮಾರು 152 ಉಳಿಯುತ್ತದೆ. ಮೊದಲ ವಾರ ಅದರಲ್ಲಿ ಅರ್ಧ ನಮಗೆ ಎಂದು ಹಿಡಿದರೂ 76. ಹನ್ನೊಂದು ಟಿಕೆಟಿಗೆ 840ರ ಆಸುಪಾಸು. ಅದರಲ್ಲೇ ಡಿಜಿಟಲ್ ಪ್ರದರ್ಶನದ ಶುಲ್ಕವನ್ನೂ ನಿರ್ಮಾಪಕರೇ ತುಂಬಬೇಕು. ನಾವು ಲೆಕ್ಕ ನೋಡುವುದನ್ನು ಬಿಟ್ಟು ಎರಡು ದಿನವಾಯಿತು.

ಅತ್ತೆ, ಮತ್ಸ್ಯಗಂಧದ ತಪ್ಪು ನನ್ನದು. ಬೆಳಗಿನ ಜಾವಕ್ಕೆ ಬೇಕಾದ ದೀಪ ನಮ್ಮಲ್ಲಿ ಇರಲಿಲ್ಲ, ಹಗಲಲ್ಲೇ ತೆಗೆದೆವು. ಹಾಗಿದ್ದರೆ ಕುರ್ಲಾದ ದೃಶ್ಯವನ್ನಾದರೂ ಬಿಡಬಹುದಿತ್ತು. ಅದು ನನಗೆ ಹೊಳೆಯಲಿಲ್ಲ.

ನಾನು: ಊಟ ಮಾಡಿದೆಯಾ ಮಗನೇ?

ಸೋದರಳಿಯ: ಮಾಡಿದೆ ಅತ್ತೆ. ಆ ಹಿರಿಯರು ಮೊಬೈಲ್ ತೆಗೆದದ್ದು ಪಿಟೀಲು ಬಂದ ಮೇಲೆಯೋ, ದನಿ ಬಂದ ಮೇಲೆಯೋ?

ನಾನು: ಪಿಟೀಲು ಬಂದಾಗ ತಲೆ ಎತ್ತಿದರು. ಮೊಬೈಲ್ ತೆಗೆದದ್ದು ಎರಡನೆಯ ಕೂಪನ್ ಓದುವಾಗ.

ಸೋದರಳಿಯ: ಆ ದನಿ ನನ್ನದು. ನಟರು ಡಬ್ಬಿಂಗಿಗೆ ಎರಡನೆಯ ದಿನ ಬರಲಿಲ್ಲ. ರಾತ್ರಿ ಎರಡು ಗಂಟೆಗೆ ನಾನೇ ಓದಿದೆ.

ಐದಾರು ನಿಮಿಷ ಗುಂಪಿನಲ್ಲಿ ಯಾರೂ ಏನೂ ಬರೆಯಲಿಲ್ಲ. ನನಗೂ ಏನು ಬರೆಯಬೇಕೆಂದು ತೋಚಲಿಲ್ಲ. ಬರೆದದ್ದನ್ನು ಎರಡು ಸಲ ಅಳಿಸಿದೆ.

ನಾನು: ಓದಿನಲ್ಲಿ ತಪ್ಪಿರಲಿಲ್ಲ ಮಗನೇ. ನೀನು ಎಂದು ಗೊತ್ತಾಗದೆಯೂ ದನಿ ಚೆನ್ನಾಗಿದೆ ಎಂದುಕೊಂಡಿದ್ದೆ. ಅಲ್ಲಿ ಅದು ಬೇಕಿರಲಿಲ್ಲ. ನನ್ನ ನಾಲ್ಕು ಅಂಕ ನಾಲ್ಕೇ.

ಸೋದರಳಿಯ: ಇರಲಿ ಅತ್ತೆ. ಆ ಪುಟದಲ್ಲಿಯೂ ಹೀಗೆಯೇ ಬರೆಯಿರಿ. ನಿರ್ದೇಶಕರಿಗೆ ತೋರಿಸುತ್ತೇನೆ.

ಚಿಕ್ಕಪ್ಪ, ಮಾಟುಂಗ: ಎಲ್ಲವನ್ನೂ ಈಗ ಓದಿದೆ. ಚಿಕ್ಕಮ್ಮ ನನ್ನ ಮೊಬೈಲಿನಿಂದ ಕೊಟ್ಟ ಅಂಕವನ್ನು ಹಿಂತೆಗೆಸಿದ್ದೇನೆ. ನೋಡಿದ ಮೇಲೆ ಕೊಡುತ್ತೇನೆ. ಹದಿಮೂರನೆಯ ವಯಸ್ಸಿಗೆ ಈ ಊರಿಗೆ ಬಂದವನು ನಾನು. ಹೋಟೆಲಿನ ಕೆಲಸ ಮುಗಿಸಿ ರಾತ್ರಿ ಶಾಲೆಗೆ ಹೋಗುತ್ತಿದ್ದೆ. ರಜೆಯ ದಿನ ಕಿಂಗ್ಸ್ ಸರ್ಕಲಿನ ಅರೋರಾದಲ್ಲಿ ದಕ್ಷಿಣದ ಚಿತ್ರಗಳನ್ನು ನೋಡುತ್ತಿದ್ದೆ, ಎಷ್ಟೋ ಸಲ ಭಾಷೆ ತಿಳಿಯದೆಯೂ. ನಾನೂ ಮನಿಯಾರ್ಡರ್ ಕಳಿಸುತ್ತಿದ್ದೆ. ಒಂದು ಮಾತು ಹೇಳಬೇಕು. ಓದು ಬರದ ತಾಯಿಗೆ ಆ ಕೂಪನ್ನಿನ ಸಾಲುಗಳು ಮಗನ ದನಿಯಲ್ಲಿ ಹೇಗೆ ನೆನಪಾಗುತ್ತವೆ? ಅವಳು ಅವನ್ನು ಮಗನ ಬಾಯಲ್ಲಿ ಕೇಳಿಯೇ ಇರಲಿಲ್ಲ. ನಮ್ಮ ಅಂಗಳದಲ್ಲಿ ಅವನ್ನು ಓದುತ್ತಿದ್ದವನು ಅಂಚೆಯವನು.

ಅಕ್ಕನ ಮಗಳು, ಪುಣೆ: ಅಜ್ಜ, ಇದನ್ನು ಯಾರೂ ಯೋಚಿಸಿಯೇ ಇರಲಿಲ್ಲ.

ಅಣ್ಣ, ಡೊಂಬಿವಲಿ: ಮಧ್ಯಾಹ್ನ ಹಾಕಿದ ನನ್ನ ಸಂದೇಶವನ್ನು ಅಳಿಸಿದ್ದೇನೆ. ಬುಧವಾರದವರೆಗೆ ಆಟ ಇದೆ. ಚಿಕ್ಕಪ್ಪ, ನಾಡಿದ್ದು ಬೆಳಿಗ್ಗೆ ನಾನು ಬಂದು ನಿಮ್ಮನ್ನು ಕರೆದುಕೊಂಡು ಹೋಗುತ್ತೇನೆ.

ತಮ್ಮ, ಪೋಂಡಾ: ಇಲ್ಲಿಗೆ ಚಿತ್ರ ಬಂದಿಲ್ಲ. ಬಂದರೆ ನೋಡಿ ಬರೆಯುತ್ತೇನೆ. ಅಲ್ಲಿಯವರೆಗೆ ಮಾತನಾಡುವುದಿಲ್ಲ.

ಸೋದರಳಿಯ: ಅಜ್ಜ, ಅಂಚೆಯವರು ಹೇಗೆ ಓದುತ್ತಿದ್ದರು? ಮೆಲ್ಲಗೆಯೋ, ಜೋರಾಗಿಯೋ?

ಚಿಕ್ಕಪ್ಪ, ಮಾಟುಂಗ: ಜೋರಾಗಿ. ಮೊದಲು ಹಣದ ಮೊತ್ತ, ಆಮೇಲೆ ನನ್ನ ಕ್ಷೇಮ. ಊರಿಗೆ ಹೋದಾಗ ನೋಡಿದರೆ ಆಚೆಮನೆಯವರಿಗೂ ನನ್ನ ಸಾಲುಗಳು ಬಾಯಿಗೆ ಬರುತ್ತಿದ್ದವು.