ಅಪ್‌ಡೇಟ್: ಅಪ್ಪ ಮನೆಗೆ ಬಂದ್ರು (ಕಲ್ಚರ್ ರಿಪೋರ್ಟ್‌ನಲ್ಲಿ ತುಂಬಾ 'ಆರ್' ಇದೆ, ಅಂದರೆ ಆ ಔಷಧಿಗಳಿಗೆ ಬ್ಯಾಕ್ಟೀರಿಯಾ ಬಗ್ಗಲ್ಲ, ಏನು ಮಾಡೋದು ಅಂತ ಇಲ್ಲಿ ಕೇಳಿದ್ದೆನಲ್ಲ)

ನೆನಪಿಲ್ಲದವರಿಗೆ: ಅಪ್ಪನಿಗೆ ಸೊಂಟದ ಆಪರೇಷನ್ ಆಗಿ ಆರನೇ ದಿನ ಚಳಿಜ್ವರ ಬಂತು. ಕಲ್ಚರ್‌ನಲ್ಲಿ (ಬ್ಯಾಕ್ಟೀರಿಯಾ ಬೆಳೆಸಿ ನೋಡೋ ಟೆಸ್ಟ್) ಕ್ಲೆಬ್ಸಿಯೆಲ್ಲಾ ನ್ಯುಮೋನಿಯೇ ಅನ್ನೋ ಬ್ಯಾಕ್ಟೀರಿಯಾ, ಮೆರೊಪೆನೆಮ್ ಅನ್ನೋ ಸ್ಟ್ರಾಂಗ್ ಆ್ಯಂಟಿಬಯೋಟಿಕ್‌ಗೂ ಬಗ್ಗಲ್ಲ ಅಂತಿತ್ತು. ಹೆಸರು ನೋಡಿ ಅಮ್ಮ ನ್ಯುಮೋನಿಯಾ ಅಂದುಕೊಂಡು ಅತ್ತೇಬಿಟ್ಟಿದ್ದರು. ಇದ್ದದ್ದು ಮೂತ್ರದಲ್ಲಿ.

ನೀವು ಹೇಳಿದ ಹಾಗೆ ಇನ್‌ಫೆಕ್ಷನ್ ಸ್ಪೆಷಲಿಸ್ಟ್‌ನ ಕರೆಸಿ ಅಂತ ಹಟ ಹಿಡಿದೆ. ಆ ಮೇಡಂ ಬಂದಮೇಲೇ ದಾರಿ ಕಂಡಿದ್ದು. ಈ ಬ್ಯಾಕ್ಟೀರಿಯಾ ಹತ್ತಿರ ಎನ್‌ಡಿಎಂ ಅನ್ನೋ ಕಿಣ್ವ ಇದೆಯಂತೆ; ಮೆರೊಪೆನೆಮ್ ಅನ್ನೇ ಅದು ಒಡೆದು ಹಾಕುತ್ತೆ. ಅಜ್ಟ್ರಿಯೋನಾಮ್ ಅನ್ನೋ ಇನ್ನೊಂದು ಆ್ಯಂಟಿಬಯೋಟಿಕ್ ಅನ್ನು ಮಾತ್ರ ಅದಕ್ಕೆ ಒಡೆಯೋಕಾಗಲ್ಲ, ಆದರೆ ಜೊತೆಗಿರೋ ಬೇರೆ ಕಿಣ್ವಗಳು ಅದನ್ನೂ ಬಿಡಲ್ಲ. ಆ ಬೇರೆ ಕಿಣ್ವಗಳನ್ನು ಅವಿಬ್ಯಾಕ್ಟಮ್ ಅನ್ನೋ ಔಷಧಿ ತಡೆಯುತ್ತೆ. ಹಾಗಾಗಿ ಸೆಫ್ಟಾಜಿಡಿಮ್-ಅವಿಬ್ಯಾಕ್ಟಮ್ ಜೊತೆಗೆ ಅಜ್ಟ್ರಿಯೋನಾಮ್ ಕೊಟ್ಟರು. ಕೊಲಿಸ್ಟಿನ್ ಅನ್ನೋ ಆ್ಯಂಟಿಬಯೋಟಿಕ್ ಬೇಡ ಅಂದರು, ಅಪ್ಪನ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತೋರಿಸೋ ರಕ್ತದ ಟೆಸ್ಟ್) ಮೊದಲೇ ಜಾಸ್ತಿ, ಕೊಲಿಸ್ಟಿನ್ ಕಿಡ್ನಿಗೆ ಪೆಟ್ಟು. ಹಳೇ ಕ್ಯಾತಿಟರ್ (ಮೂತ್ರಕ್ಕೆ ಹಾಕಿದ್ದ ನಳಿಗೆ) ಕೂಡ ತೆಗೆಸಿದರು. ನಾಲ್ಕನೇ ದಿನಕ್ಕೆ ಜ್ವರ ಬಿಡ್ತು. ಬಿಲ್ ಬಗ್ಗೆ ಕೇಳಬೇಡಿ, ಅಮ್ಮನ ಬಳೆ ಅಡವಿಟ್ಟಾಯ್ತು.

ಸಿಟ್ಟು ಒಂದೇ. ಬಾಗಿಲಿಗೆ ಐಸೋಲೇಷನ್ ಬೋರ್ಡ್ ಹಾಕಿದ್ದರೂ ಒಬ್ಬ ಅಟೆಂಡರ್ ಅದೇ ಗ್ಲೌಸ್‌ನಲ್ಲಿ ಪಕ್ಕದ ರೂಮಿಗೆ ಹೋಗ್ತಿದ್ದ. ನರ್ಸಿಂಗ್ ಇನ್‌ಚಾರ್ಜ್‌ಗೆ ಹೇಳಿದ ಮೇಲೆ ನಿಂತಿತು.

ಈಗ ಜಯನಗರದ ಮನೆಯಲ್ಲಿದ್ದಾರೆ. ಮೊನ್ನೆ ಯೂರಿನ್‌ನಲ್ಲಿ ಮತ್ತೆ ಅದೇ ಕ್ಲೆಬ್ಸಿಯೆಲ್ಲಾ ಬಂತು, ಎದೆ ಝಲ್ ಅಂತು. ಜ್ವರ, ಉರಿ ಏನೂ ಇಲ್ಲದಿದ್ದರೆ ಔಷಧಿ ಬೇಡ, ಸುಮ್ಮನೆ ಮನೆ ಮಾಡಿಕೊಂಡಿದೆ ಅಷ್ಟೇ ಅಂದರು ಮೇಡಂ. ಟಾಯ್ಲೆಟ್‌ಗೆ ಹೋಗಿ ಬಂದಮೇಲೆ ಸೋಪಿನಲ್ಲಿ ಕೈ ತೊಳೆಯೋದು ಮಾತ್ರ ಬಿಡಬೇಡಿ ಅಂತ. ಅಪ್ಪ ಆಗಲೇ ಬೆಣ್ಣೆ ದೋಸೆ ಕೇಳ್ತಿದ್ದಾರೆ.