ಕ್ಯೂಎನ್‌ಎಚ್ ಸರಿಯಾಗಿ ಹೇಳಿದೆ, ತಪ್ಪಾಗಿ ಹೊಂದಿಸಿದೆ: ಹತ್ತು ಅಂಕಿಯ ವ್ಯತ್ಯಾಸ ಎಷ್ಟು ದೊಡ್ಡದು?

ಪ್ರಶ್ನೆ (ಮಂಡ್ಯದ ಕಲಿಕಾರ್ಥಿ):
ನಮಸ್ಕಾರ. ನಾನು ಮಂಡ್ಯದವನು, ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದಲ್ಲಿ ಹಾರಾಟ ಕಲಿಯುತ್ತಿದ್ದೇನೆ, ಇನ್ನೂ ಮೂವತ್ತು ಗಂಟೆ ತುಂಬಿಲ್ಲ. ಕಳೆದ ವಾರ ಮಧ್ಯಾಹ್ನ ಕೃಷ್ಣರಾಜಸಾಗರದ ಕಡೆಯಿಂದ ಹಿಂದಿರುಗುವಾಗ ಟವರ್‌ನವರು (ಸಂಚಾರ ನಿಯಂತ್ರಕರು) ಕ್ಯೂಎನ್‌ಎಚ್, ಅಂದರೆ ಸಮುದ್ರಮಟ್ಟಕ್ಕೆ ಲೆಕ್ಕಹಾಕಿದ ಗಾಳಿಯ ಒತ್ತಡ, 1008 ಎಂದರು. ನಾನೂ 1008 ಎಂದೇ ಮರಳಿ ಹೇಳಿದೆ, ಆದರೆ ಎತ್ತರ ತೋರಿಸುವ ಆಲ್ಟಿಮೀಟರಿನ ಗುಂಡಿಯನ್ನು ತಿರುಗಿಸಿ 1018ಕ್ಕೆ ನಿಲ್ಲಿಸಿದ್ದೆ. ಪಕ್ಕದಲ್ಲಿದ್ದ ಬೋಧಕರು ನೋಡಿ ಸರಿಪಡಿಸಿದರು. ಇಳಿದ ಮೇಲೆ ಬೈಗುಳವೂ ಸಿಕ್ಕಿತು. ಈ ವ್ಯತ್ಯಾಸ ನಿಜಕ್ಕೂ ಅಷ್ಟು ಅಪಾಯಕಾರಿಯೇ? ರೇಡಿಯೊದಲ್ಲಿ ಮಾತನಾಡುವಾಗಲೆಲ್ಲ ಎತ್ತರವೂ ನೂರಿನ್ನೂರು ಅಡಿ ಜಾರುತ್ತದೆ. ಇದಕ್ಕೆ ಯಾವ ಅಭ್ಯಾಸ ಮಾಡಬೇಕು?

ಉತ್ತರ 1 (ನಿವೃತ್ತ ಬೋಧಕ, ಮೈಸೂರು):
ಬೈದದ್ದು ನ್ಯಾಯವೇ. ನಾವು ಹಾರುವ ಎತ್ತರದಲ್ಲಿ ಒತ್ತಡದ ಒಂದು ಅಂಕಿ, ಅಂದರೆ ಒಂದು ಹೆಕ್ಟೋಪ್ಯಾಸ್ಕಲ್, ಸುಮಾರು 28 ಅಡಿಗೆ ಸಮ. ಹತ್ತಕ್ಕೆ 280 ಅಡಿ. ಇಲ್ಲಿ ತಪ್ಪು ಯಾವ ದಿಕ್ಕಿನದು ಎಂಬುದೇ ಮುಖ್ಯ. ನಿಜವಾದ ಒತ್ತಡಕ್ಕಿಂತ ಹೆಚ್ಚಿನ ಅಂಕಿ ಹೊಂದಿಸಿದರೆ ಉಪಕರಣ ನಿಮ್ಮನ್ನು ಇರುವುದಕ್ಕಿಂತ ಮೇಲೆ ತೋರಿಸುತ್ತದೆ, ಅಂದರೆ ನೀವು ಅಂದುಕೊಂಡದ್ದಕ್ಕಿಂತ ಕೆಳಗಿರುತ್ತೀರಿ. ಮಂಡಕಳ್ಳಿಯ ನೆಲವೇ ಸಮುದ್ರಮಟ್ಟದಿಂದ 2,300 ಅಡಿಗೂ ಮೇಲಿದೆ. ನೆಲದಿಂದ ಸಾವಿರ ಅಡಿ ಎಂದು ನಂಬಿ ಸರ್ಕ್ಯೂಟಿಗೆ (ಇಳಿಯುವ ಮೊದಲು ನಿಲ್ದಾಣದ ಬಳಿ ಹಾಕುವ ಸುತ್ತಿಗೆ) ಬಂದವರು ವಾಸ್ತವದಲ್ಲಿ 720 ಅಡಿಯಲ್ಲಿರುತ್ತಿದ್ದರು. ಚಾಮುಂಡಿ ಬೆಟ್ಟದ ತುದಿ ಸುಮಾರು 3,480 ಅಡಿ, ಅಂದರೆ ಸರಿಯಾದ ಸರ್ಕ್ಯೂಟಿನ ಎತ್ತರಕ್ಕಿಂತಲೂ ಮೇಲೆ. ಕಣ್ಣಿಗೆ ಕಾಣುವ ಹಗಲಿನಲ್ಲಿ ಪರವಾಗಿಲ್ಲ. ಮಳೆಗಾಲದ ಮಬ್ಬಿನಲ್ಲಿ ಲೆಕ್ಕವೇ ಬೇರೆ.

ಹೊರಡುವ ಮೊದಲು ಇದಕ್ಕೆ ಸುಲಭದ ಪರೀಕ್ಷೆಯಿದೆ: ಕ್ಯೂಎನ್‌ಎಚ್ ಹೊಂದಿಸಿದಾಗ ನಿಂತಲ್ಲಿಯೇ ಆಲ್ಟಿಮೀಟರ್ ನಿಲ್ದಾಣದ ಎತ್ತರವನ್ನು ತೋರಿಸಬೇಕು. ತೋರಿಸದಿದ್ದರೆ ಅಂಕಿ ತಪ್ಪಿದೆ, ಇಲ್ಲವೇ ಉಪಕರಣದಲ್ಲಿ ದೋಷವಿದೆ. ಆಕಾಶದಲ್ಲಿ ಈ ಅನುಕೂಲವಿಲ್ಲ.

ಉತ್ತರ 2 (ಹಿಂದೆ ಸಂಚಾರ ನಿಯಂತ್ರಣದಲ್ಲಿದ್ದವರು):
ಮರಳಿ ಹೇಳುವ ಪದ್ಧತಿ ಕಿವಿ ಮತ್ತು ಬಾಯಿಯ ತಪ್ಪನ್ನು ಹಿಡಿಯುತ್ತದೆ, ಕೈಯ ತಪ್ಪನ್ನಲ್ಲ. ನಿಮ್ಮ ಡಯಲ್ ಟವರಿಗೆ ಕಾಣುವುದಿಲ್ಲ. ಹರಿಯಾಣದ ಚರ್ಖಿ ದಾದ್ರಿಯ ಆಕಾಶದಲ್ಲಿ 1996ರ ನವೆಂಬರ್ 12ರಂದು ಎರಡು ವಿಮಾನಗಳು ಡಿಕ್ಕಿಯಾಗಿ 349 ಮಂದಿ ಸತ್ತಾಗ, ಕಝಾಕಿಸ್ತಾನದ ವಿಮಾನಕ್ಕೆ 15,000 ಅಡಿ, ಸೌದಿ ವಿಮಾನಕ್ಕೆ 14,000 ಅಡಿ ಎಂದು ಅನುಮತಿಯಿತ್ತು. ಮೊದಲನೆಯದರಲ್ಲಿ ರೇಡಿಯೊ ನೋಡುತ್ತಿದ್ದವರು ಬೇರೆ, ವಿಮಾನ ನಡೆಸುತ್ತಿದ್ದವರು ಬೇರೆ. ವಿಮಾನ ಮಾತ್ರ ಒಪ್ಪಿದ ಎತ್ತರವನ್ನು ದಾಟಿ ಕೆಳಗಿಳಿದಿತ್ತು. ನಿಮ್ಮ ವಿಮಾನದಲ್ಲಿ ಆ ಇಬ್ಬರೂ ನೀವೊಬ್ಬರೇ.

ಆದ್ದರಿಂದ ಅಂಕಿಯನ್ನು ಬರೆದುಕೊಳ್ಳಿ, ಮರಳಿ ಹೇಳಿ, ಹೊಂದಿಸಿ, ಬಳಿಕ ಡಯಲನ್ನು ಬೆರಳಿಟ್ಟು ಓದಿ. ವಿಮಾನ ಅಲುಗಾಡುತ್ತಿರುವಾಗ ಟವರ್ ಕರೆದರೆ 'ಸ್ಟ್ಯಾಂಡ್‌ಬೈ' (ಸ್ವಲ್ಪ ಕಾಯಿರಿ) ಎನ್ನುವುದರಲ್ಲಿ ಸಂಕೋಚ ಬೇಡ. ಕಲಿಯುವವರು ಇದನ್ನು ಅವಿಧೇಯತೆ ಎಂದುಕೊಳ್ಳುತ್ತಾರೆ, ಏಕೆಂದು ನನಗೆ ಎಂದೂ ಅರ್ಥವಾಗಿಲ್ಲ. ವಿಮಾನವನ್ನು ಸ್ಥಿರವಾಗಿ ಹಾರಿಸುವುದು ಮೊದಲು, ದಾರಿ ಆಮೇಲೆ, ಮಾತು ಕೊನೆಗೆ.

ಉತ್ತರ 3 (ಶ್ರೀರಂಗಪಟ್ಟಣ):
ಈ ತಪ್ಪು ಹಾರಾಟದ ಯೋಜನೆಯಲ್ಲಿಯೇ ಸಿಕ್ಕಿಬೀಳಬೇಕಿತ್ತು. ಹೊರಡುವಾಗಿನ ಕ್ಯೂಎನ್‌ಎಚ್ ಅನ್ನು ತೊಡೆಯ ಮೇಲಿನ ಹಲಗೆಯಲ್ಲಿ ಬರೆದಿಟ್ಟಿದ್ದಿರೇ? ನಮ್ಮ ಕಡೆ ಒತ್ತಡ ಬೆಳಿಗ್ಗೆ ಹತ್ತರ ಸುಮಾರಿಗೆ ಏರಿ, ಸಂಜೆ ನಾಲ್ಕರ ಹೊತ್ತಿಗೆ ಕೆಲವು ಅಂಕಿ ಇಳಿಯುತ್ತದೆ. ಬೆಳಿಗ್ಗೆ 1011 ಇದ್ದದ್ದು ಮಧ್ಯಾಹ್ನ 1008 ಆಗುವುದು ಸಹಜ, 1018 ಆಗುವುದು ಅಸಹಜ. ಹಳೆಯ ಅಂಕಿ ಎದುರಿಗಿದ್ದರೆ ಕಣ್ಣೇ ಪ್ರಶ್ನಿಸುತ್ತದೆ. ಹವಾಮಾನ ವರದಿಯ ವೇಳೆಯನ್ನೂ ನೋಡಿ: ಅದು ಯುಟಿಸಿ ಎಂಬ ಅಂತರರಾಷ್ಟ್ರೀಯ ಸಮಯದಲ್ಲಿರುತ್ತದೆ, ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ.

ಎತ್ತರ ಜಾರುವುದಕ್ಕೆ ನಾನು ಮಾಡಿಕೊಂಡ ಉಪಾಯ: ಎಲ್ಲಿ, ಎಷ್ಟು ಎತ್ತರದಲ್ಲಿ, ಏನು ಹೇಳಬೇಕು ಎಂಬುದನ್ನು ನೆಲದ ಮೇಲೆಯೇ ಬರೆದುಕೊಂಡು, ಕನ್ನಂಬಾಡಿಯ ನೀರು ಕಾಣುವ ಮೊದಲೇ ವಿಮಾನವನ್ನು ಟ್ರಿಮ್ ಮಾಡಿ (ಹಿಡಿಯ ಮೇಲೆ ಒತ್ತಡವಿಲ್ಲದೆ ಹಾರುವಂತೆ ಹೊಂದಿಸಿ), ಕೈ ಸಡಿಲಿಸಿದರೂ ಅದು ಮಟ್ಟವಾಗಿ ಹಾರುತ್ತದೆಯೇ ಎಂದು ನೋಡಿದ ಮೇಲಷ್ಟೇ ರೇಡಿಯೊದ ಗುಂಡಿ ಒತ್ತುತ್ತೇನೆ.

ಮಂಡ್ಯದ ಕಲಿಕಾರ್ಥಿ:
ಧನ್ಯವಾದ ಸರ್. ಹಲಗೆಯ ಕಾಗದ ತೆಗೆದು ನೋಡಿದೆ. ಹೊರಡುವಾಗ 1010 ಎಂದು ನನ್ನದೇ ಅಕ್ಷರದಲ್ಲಿ ಬರೆದಿದ್ದೆ, ಹಾರುವಾಗ ಒಮ್ಮೆಯೂ ಅತ್ತ ನೋಡಿರಲಿಲ್ಲ. ಟ್ರಿಮ್ ವಿಷಯವನ್ನು ನಾಳೆಯ ಹಾರಾಟದಲ್ಲಿ ಬೋಧಕರ ಜೊತೆ ಅಭ್ಯಾಸ ಮಾಡುತ್ತೇನೆ.