ಕರಿದ ಎಣ್ಣೆಗೆ ತಿರುಗಿಸಿದ ಇಪ್ಪತ್ತೇ ನಿಮಿಷಕ್ಕೆ ಇಂಜಿನ್ ಉಸಿರು ಕಟ್ಟುತ್ತಿದೆ

ಹಳೇವ್ಯಾನ್:
ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ತಲೆ ಕೆರೆದುಕೊಳ್ಳುತ್ತಿದ್ದೇನೆ, ಯಾರಾದರೂ ದಾರಿ ತೋರಿಸಿ.

ನನ್ನದು ಹಳೆಯ ನಾಲ್ಕು ಸಿಲಿಂಡರ್ ಡೀಸೆಲ್ ವ್ಯಾನ್. ಪ್ರೀ-ಚೇಂಬರ್ ಇಂಜಿನ್ (ಇಂಧನ ಮೊದಲು ಪಕ್ಕದ ಪುಟ್ಟ ಕೋಣೆಯಲ್ಲಿ ಹೊತ್ತಿಕೊಳ್ಳುವಂಥದ್ದು), ಇಂಜೆಕ್ಟರ್‌ಗಳಿಗೆ ಇಂಧನ ತಳ್ಳಲು ರೋಟರಿ ಪಂಪ್, ಕಂಪ್ಯೂಟರ್ ಗಿಂಪ್ಯೂಟರ್ ಏನೂ ಇಲ್ಲ. ಕರಿದ ಎಣ್ಣೆಗೆ ಅಂತ ಎರಡನೇ ಟ್ಯಾಂಕ್ ಹಾಕಿಸಿದ್ದೇನೆ. ಡೀಸೆಲ್‌ನಲ್ಲಿ ಸ್ಟಾರ್ಟ್ ಮಾಡಿ, ಕೂಲೆಂಟ್ (ಇಂಜಿನ್ ತಣಿಸುವ ನೀರು) 75 ಡಿಗ್ರಿ ದಾಟಿದ ಮೇಲೆ ವಾಲ್ವ್ ತಿರುಗಿಸಿ ಎಣ್ಣೆಗೆ ಬರುತ್ತೇನೆ. ಮೊದಲ ಹದಿನೈದು ನಿಮಿಷ ಬೆಣ್ಣೆಯಂತೆ ಓಡುತ್ತದೆ. ಆಮೇಲೆ ಪಿಕಪ್ ಬೀಳುತ್ತದೆ, ಏರು ಬಂದರೆ ಮಿಸ್ಸಿಂಗ್, ಇಪ್ಪತ್ತು ನಿಮಿಷಕ್ಕೆ ಆಫ್. ವಾಪಸ್ ಡೀಸೆಲ್‌ಗೆ ತಿರುಗಿಸಿದರೆ ಎರಡು ನಿಮಿಷದಲ್ಲಿ ಮೊದಲಿನ ಹಾಗೆ.

ಫಿಲ್ಟರ್ ಎರಡು ಸಲ ಹೊಸದು ಹಾಕಿದೆ. ಏನೂ ವ್ಯತ್ಯಾಸವಿಲ್ಲ. ಎಲ್ಲೂ ಒಂದು ಹನಿ ಸೋರಿಕೆಯಿಲ್ಲ. ಗ್ಯಾರೇಜಿನವರು ನೋಡಿ ಇಂಜೆಕ್ಷನ್ ಪಂಪ್ ಹೋಗಿದೆ, ಬದಲಾಯಿಸಿ ಎಂದರು. ನಿಜವಾ?

ಗ್ರೀಸ್‌ಕೈ:
ಪಂಪ್ ಬಿಚ್ಚಬೇಡಿ. ನಿಮ್ಮ ಮಾತಿನಲ್ಲೇ ಉತ್ತರ ಇದೆ. ಡೀಸೆಲ್‌ಗೆ ತಿರುಗಿಸಿದ ಕೂಡಲೇ ಸರಿಹೋಗುತ್ತದೆ ಅಂದರೆ ಪಂಪ್, ಇಂಜೆಕ್ಟರ್ ಎರಡೂ ಗಟ್ಟಿಯಾಗಿವೆ. ತೊಂದರೆ ಎಣ್ಣೆ ಓಡಾಡುವ ದಾರಿಯಲ್ಲಿ ಎಲ್ಲೋ ಇದೆ.

ಮೂರು ವಿಷಯ ಹೇಳಿ. ಫಿಲ್ಟರ್ ಎಲ್ಲಿದೆ, ಎಣ್ಣೆ ಬಿಸಿಯಾಗುವ ಜಾಗಕ್ಕಿಂತ ಮೊದಲಾ, ಆಮೇಲಾ? ಪಂಪಿನ ರಿಟರ್ನ್, ಅಂದರೆ ಉಳಿದ ಇಂಧನ ವಾಪಸ್ ಬರುವ ಪೈಪ್, ಎಲ್ಲಿಗೆ ಹೋಗುತ್ತದೆ? ತೆಗೆದಿಟ್ಟ ಹಳೇ ಫಿಲ್ಟರ್ ಇನ್ನೂ ಇದೆಯಾ?

ದಿಢೀರ್‌ಸ್ಟಾರ್ಟ್:
ಇಷ್ಟೆಲ್ಲ ಯಾಕೆ ಸ್ವಾಮಿ? ಐದರಲ್ಲಿ ಒಂದು ಪಾಲು ಪೆಟ್ರೋಲ್ ಬೆರೆಸಿ, ಎಣ್ಣೆ ತೆಳುವಾಗುತ್ತದೆ, ಕಥೆ ಮುಗಿಯಿತು. ರುಡಾಲ್ಫ್ ಡೀಸೆಲ್ ಕಾಲದಲ್ಲೇ, 1900ರ ಪ್ಯಾರಿಸ್ ಪ್ರದರ್ಶನದಲ್ಲಿ, ಕಡಲೆಕಾಯಿ ಎಣ್ಣೆಯಲ್ಲಿ ಇಂಜಿನ್ ಓಡಿಸಿ ತೋರಿಸಿದ್ದರು. ಆಗ ಹೀಟರ್ ಇತ್ತಾ?

ಗ್ರೀಸ್‌ಕೈ:
ಆ ಕಾಲದ ಇಂಜಿನ್‌ಗಳಲ್ಲಿ ಇಂಧನವನ್ನು ಒತ್ತಡದ ಗಾಳಿಯಿಂದ ಊದಿ ಒಳಗೆ ಹಾಕುತ್ತಿದ್ದರು. ಇವತ್ತಿನ ಪಂಪಿನಂತೆ ಕೂದಲೆಳೆ ಸಂದಿಯಲ್ಲಿ ಉಕ್ಕಿಗೆ ಉಕ್ಕು ಜಾರುವ ವ್ಯವಸ್ಥೆ ಅದಲ್ಲ. ಆ ಉದಾಹರಣೆ ಇಲ್ಲಿಗೆ ಹೊಂದುವುದಿಲ್ಲ.

ಪೆಟ್ರೋಲ್ ಬೆರೆಸಿದರೆ ಎಣ್ಣೆ ತೆಳುವಾಗುವುದು ನಿಜ. ಆದರೆ ಅದರಲ್ಲಿರುವ ನೀರು ಹೋಗುವುದಿಲ್ಲ. ಬಿಸಿ ಮಾಡುವ ಟ್ಯಾಂಕಿಗೆ ಪೆಟ್ರೋಲ್ ಹಾಕುವ ಧೈರ್ಯ ನನಗಂತೂ ಇಲ್ಲ.

ಹಳೇವ್ಯಾನ್:
ಫಿಲ್ಟರ್ ಟ್ಯಾಂಕಿನ ಪಕ್ಕದಲ್ಲೇ ಇದೆ, ಎಣ್ಣೆ ಬಿಸಿ ಮಾಡುವ ಹೀಟ್ ಎಕ್ಸ್‌ಚೇಂಜರ್‌ಗಿಂತ ಮೊದಲು. ಎಣ್ಣೆಯಲ್ಲಿ ಓಡುವಾಗ ರಿಟರ್ನ್ ಟ್ಯಾಂಕಿಗೆ ಹೋಗುವುದಿಲ್ಲ. ಲೂಪ್ ಮಾಡಿದ್ದೇನೆ, ಪಂಪಿನಿಂದ ಹೊರಬಂದದ್ದು ಮತ್ತೆ ಪಂಪಿನ ಬಾಯಿಗೇ. ಬಿಸಿ ಉಳಿಯುತ್ತದೆ ಅಂತ ಯಾರೋ ಹೇಳಿದ್ದರು. ಡೀಸೆಲ್‌ಗೆ ತಿರುಗಿಸಿದಾಗ ಮಾತ್ರ ರಿಟರ್ನ್ ಡೀಸೆಲ್ ಟ್ಯಾಂಕಿಗೆ.

ಹಳೇ ಫಿಲ್ಟರ್ ಇದೆ.

ಎರಡುಟ್ಯಾಂಕ್:
ಆಹಾ, ಲೂಪ್! ಈಗ ನನಗೂ ಕುತೂಹಲ ಬಂತು.

ಮೊದಲು ಆ ಹಳೇ ಫಿಲ್ಟರ್ ಕತ್ತರಿಸಿ. ಒಳಗಿನ ಕಾಗದಕ್ಕೆ ಅಂಟಿಕೊಂಡದ್ದನ್ನು ಕೆರೆದು ಒಂದು ಸ್ಟೀಲ್ ಚಮಚಕ್ಕೆ ಹಾಕಿ, ಕೆಳಗೆ ಮೇಣದಬತ್ತಿ ಹಿಡಿಯಿರಿ. ಸದ್ದಿಲ್ಲದೆ ಕರಗಿ ತಿಳಿಯಾದರೆ ಅದು ಹೆಪ್ಪುಗಟ್ಟಿದ ಕೊಬ್ಬು. ಚಟಪಟ ಎಂದು ಸಿಡಿದರೆ ನೀರು. ಕರಗದೆ ಕಪ್ಪಾಗಿ ಕೂತರೆ ಕರಿದ ಚೂರುಗಳು. ಸ್ವಲ್ಪವೇ ಸ್ವಲ್ಪ ಹಾಕಿ, ಕನ್ನಡಕ ಹಾಕಿಕೊಳ್ಳಿ. ಬಿಸಿ ಎಣ್ಣೆಯಲ್ಲಿನ ನೀರು ಕಣ್ಣಿಗೇ ಹಾರುತ್ತದೆ.

ಹಳೇವ್ಯಾನ್ (ಮರುದಿನ):
ಮಾಡಿದೆ. ಕಾಗದದ ಮಡಿಕೆಗಳ ನಡುವೆ ಬೂದು ಬಣ್ಣದ, ಮೇಣದಂಥ ಲೋಳೆ ತುಂಬಿಕೊಂಡಿತ್ತು. ಉಗುರಿನಿಂದ ಗೀಚಿದರೆ ಗೆರೆ ಬೀಳುತ್ತಿತ್ತು. ಚಮಚದಲ್ಲಿ ಅರ್ಧ ನಿಮಿಷಕ್ಕೆ ಕರಗಿ ಚಹಾದ ಬಣ್ಣಕ್ಕೆ ತಿರುಗಿತು. ಒಂದೆರಡು ಸಲ ಚಟ್ ಎಂದಿತು, ಅಷ್ಟೇ.

ಹಾಗಾದರೆ ಕೊಬ್ಬು ತಾನೇ? ಆದರೆ ಹೊಸ ಫಿಲ್ಟರ್ ಹಾಕಿದ ದಿನವೂ ಇಪ್ಪತ್ತೇ ನಿಮಿಷಕ್ಕೆ ನಿಂತಿತಲ್ಲ?

ಎರಡುಟ್ಯಾಂಕ್:
ಒಳ್ಳೇ ಪ್ರಶ್ನೆ. ನನ್ನ ಲೆಕ್ಕ ಹೀಗಿದೆ.

40 ಡಿಗ್ರಿಯಲ್ಲಿ ಅಡುಗೆ ಎಣ್ಣೆ ಡೀಸೆಲ್‌ಗಿಂತ ಸುಮಾರು ಹತ್ತು ಪಟ್ಟು ದಪ್ಪ. ನಿಮ್ಮ ಫಿಲ್ಟರ್ ತಣ್ಣಗಿರುವ ಕಡೆ ಇದೆ, ಅಲ್ಲಿ ಇನ್ನೂ ದಪ್ಪ. ನಿಮ್ಮಲ್ಲಿ ಟ್ಯಾಂಕಿನ ಹತ್ತಿರ ತಳ್ಳುವ ಪಂಪ್ ಇಲ್ಲ, ರೋಟರಿ ಪಂಪೇ ಅಷ್ಟು ದೂರದಿಂದ ಎಳೆದುಕೊಳ್ಳಬೇಕು. ದಪ್ಪ ಪಾನಕವನ್ನು ಸಣ್ಣ ಸ್ಟ್ರಾದಲ್ಲಿ ಹೀರಿದ ಹಾಗೆ. ಎಳೆತ ಜಾಸ್ತಿಯಾದಷ್ಟೂ ಪೈಪಿನ ಯಾವುದಾದರೂ ಜಾಯಿಂಟ್ ಸಣ್ಣಗೆ ಏರ್ ತೆಗೆದುಕೊಳ್ಳುತ್ತದೆ. ಹೊರಗೆ ಒಂದು ಹನಿಯೂ ಸೋರುವುದಿಲ್ಲ, ಯಾಕೆಂದರೆ ಅಲ್ಲಿ ಎಣ್ಣೆ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ.

ಮಾಮೂಲಿ ರಿಟರ್ನ್ ಇದ್ದರೆ ಆ ಗುಳ್ಳೆಗಳು ಟ್ಯಾಂಕಿಗೆ ಹೋಗಿ ಬಿಡುಗಡೆ ಆಗುತ್ತಿದ್ದವು. ನಿಮ್ಮ ಲೂಪಿನಲ್ಲಿ ಅವಕ್ಕೆ ಹೋಗಲು ಜಾಗವೇ ಇಲ್ಲ. ಸುತ್ತುತ್ತವೆ, ಕೂಡಿಕೊಳ್ಳುತ್ತವೆ, ಕೊನೆಗೆ ಪಂಪಿಗೆ ಎಣ್ಣೆಯ ಬದಲು ನೊರೆ ಸಿಗುತ್ತದೆ. ಅಷ್ಟು ಗಾಳಿ ಕೂಡಲು ಬೇಕಾಗುವ ಸಮಯವೇ ನಿಮ್ಮ ಇಪ್ಪತ್ತು ನಿಮಿಷ. ಫಿಲ್ಟರ್ ಹೊಸದಾದರೂ ಅಷ್ಟೇ, ಹಳೇದಾದರೂ ಅಷ್ಟೇ.

ಪರೀಕ್ಷೆ ಸುಲಭ. ಪಂಪಿನ ಬಾಯಿಗೆ ಮುಂಚೆ ಒಂದು ಗೇಣು ಪಾರದರ್ಶಕ ಪೈಪ್ ಹಾಕಿ. ಬಾನೆಟ್ ತೆಗೆದು ರೇಸ್ ಮಾಡಿ ನೋಡಿ.

ಕಾಮನ್‌ರೈಲ್:
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದು ಹೊಸ ಕಾಮನ್ ರೈಲ್ ಇಂಜಿನ್ (ಭಾರೀ ಒತ್ತಡದ ಒಂದೇ ಕೊಳವೆಯಿಂದ ಎಲ್ಲ ಇಂಜೆಕ್ಟರ್‌ಗೂ ಇಂಧನ ಹೋಗುವಂಥದ್ದು). ನಾನೂ ಮಾಡಬಹುದಾ?

ಗ್ರೀಸ್‌ಕೈ:
ಬೇಡ. ಅಲ್ಲಿನ ಒತ್ತಡ 1,000 ಬಾರ್‌ಗಿಂತ ಎಷ್ಟೋ ಜಾಸ್ತಿ, ಇಂಜೆಕ್ಟರ್ ತೂತುಗಳು ಕಣ್ಣಿಗೆ ಕಾಣುವುದೇ ಕಷ್ಟ ಎನ್ನುವಷ್ಟು ಸಣ್ಣವು. ಕರಿದ ಎಣ್ಣೆಯನ್ನು ರಾಸಾಯನಿಕವಾಗಿ ಬದಲಾಯಿಸಿ ಸರಿಯಾಗಿ ಬಯೋಡೀಸೆಲ್ ಮಾಡಿದರೂ ತಯಾರಕರು ಎಷ್ಟು ಪಾಲು ಬೆರೆಸಬಹುದು ಅಂತ ಬರೆದಿದ್ದಾರೋ ಅಷ್ಟೇ ಹಾಕಿ.

ಹಳೇವ್ಯಾನ್ (ಮೂರು ದಿನದ ನಂತರ):
ಸಿಕ್ಕಿತು!!

ಪಾರದರ್ಶಕ ಪೈಪಿನಲ್ಲಿ ಮೊದಲು ಏನೂ ಕಾಣಲಿಲ್ಲ, ಜೇನುತುಪ್ಪದಂತೆ ತಿಳಿಯಾಗಿತ್ತು. ಹತ್ತು ನಿಮಿಷ ಐಡಲ್‌ನಲ್ಲಿ ಬಿಟ್ಟೆ, ಆಗಲೂ ಇಲ್ಲ. ರೇಸ್ ಮಾಡಿದೆ ನೋಡಿ, ಸಾಸಿವೆ ಕಾಳಿನಂಥ ಗುಳ್ಳೆಗಳು ಸಾಲಾಗಿ ಬಂದವು. ಕಾಲು ತೆಗೆದರೆ ಮಾಯ. ಫಿಲ್ಟರಿನಿಂದ ಹೊರಬರುವ ಹೋಸಿನ ಕ್ಲಿಪ್ ಮೇಲೆ ಗ್ರೀಸ್ ಮೆತ್ತಿದೆ. ಗುಳ್ಳೆ ನಿಂತವು. ಹೋಸ್ ಬಿಚ್ಚಿದರೆ ಬಾಯಿ ಉಬ್ಬಿ ಮೆತ್ತಗಾಗಿತ್ತು, ಬೆರಳಲ್ಲಿ ಹಿಸುಕಿದರೆ ಹಾಗೇ ಒಳಗೆ ಹೋಗುತ್ತಿತ್ತು. ಮಾಮೂಲಿ ರಬ್ಬರ್ ಹೋಸ್ ಹಾಕಿಬಿಟ್ಟಿದ್ದರು ಅಂತ ಕಾಣುತ್ತದೆ.

ಇನ್ನು ಹೋಸ್ ಬದಲಾಯಿಸಿ ಫಿಲ್ಟರನ್ನು ಬಿಸಿ ಕಡೆಗೆ ತಂದರೆ ಮುಗಿಯಿತು, ಅಲ್ವಾ?

ಎರಡುಟ್ಯಾಂಕ್:
ಹೌದು, ಎಣ್ಣೆ ತಾಗಿದರೂ ಹಾಳಾಗದ ಹೋಸನ್ನೇ ಕೇಳಿ ತನ್ನಿ. ಲೂಪನ್ನೂ ಬಿಚ್ಚಿ, ರಿಟರ್ನ್ ಎಣ್ಣೆ ಟ್ಯಾಂಕಿಗೆ ಹೋಗಲಿ. ಆ ಟ್ಯಾಂಕೂ ಸ್ವಲ್ಪ ಬೆಚ್ಚಗಾಗುತ್ತದೆ. ತಾಮ್ರದ ಕೊಳವೆ ಮಾತ್ರ ಎಲ್ಲೂ ಹಾಕಬೇಡಿ, ಬಿಸಿ ಎಣ್ಣೆ ತಾಮ್ರ ಮುಟ್ಟಿದರೆ ಬೇಗ ಗೋಂದಾಗುತ್ತದೆ.

ಎಣ್ಣೆ ಮನೆಗೆ ಬಂದ ದಿನವೇ ಸೋಸಬೇಡಿ. ಡಬ್ಬಿಯಲ್ಲಿ ಒಂದೆರಡು ವಾರ ಅಲ್ಲಾಡಿಸದೆ ಬಿಡಿ. ಮೇಲಿನ ತಿಳಿಯನ್ನು ಮಾತ್ರ ತೆಗೆದು ಮೊದಲು 5 ಮೈಕ್ರಾನ್, ಆಮೇಲೆ 1 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು). ಬಿಸಿ ಎಣ್ಣೆಯನ್ನು ಸೋಸಿದರೆ ಕೊಬ್ಬು ಕರಗಿ ಜಾರಿಹೋಗುತ್ತದೆ, ಆಮೇಲೆ ಟ್ಯಾಂಕಿನಲ್ಲಿ ಹೆಪ್ಪುಗಟ್ಟಿ ಕೂರುತ್ತದೆ. ತಣ್ಣಗೆ ಸೋಸಿ. ಕೈ ನೋಯುತ್ತದೆ, ಏನೂ ಮಾಡುವ ಹಾಗಿಲ್ಲ.

ಗ್ರೀಸ್‌ಕೈ:
ಒಂದು ನಿಮಿಷ. "ಹತ್ತು ನಿಮಿಷ ಐಡಲ್‌ನಲ್ಲಿ ಬಿಟ್ಟೆ" ಅಂದಿರಲ್ಲ, ಎಣ್ಣೆಯಲ್ಲಾ? ಈ ಎರಡು ವಾರದಲ್ಲಿ ಹಾಗೆ ಎಷ್ಟು ಸಲ ಮಾಡಿದಿರಿ? ಇಂಜಿನ್ ಆಯಿಲ್ ಮಟ್ಟ ಅಳೆಯುವ ಕಡ್ಡಿ, ಡಿಪ್‌ಸ್ಟಿಕ್, ನೋಡಿದಿರಾ?

ಹಳೇವ್ಯಾನ್:
ಎಣ್ಣೆಯಲ್ಲೇ. ಸುಮಾರು ಸಲ... ಒಂದು ದಿನ ಅರ್ಧ ಗಂಟೆ. ಈಗ ನೋಡಿ ಬಂದೆ. ಫುಲ್ ಗೆರೆಗಿಂತ ಒಂದು ಉಗುರಿನಷ್ಟು ಮೇಲಿದೆ. ನಾನು ಆಯಿಲ್ ಹಾಕಿಯೇ ಇಲ್ಲ!

ಗ್ರೀಸ್‌ಕೈ:
ಅದೇ ನನ್ನ ಭಯ. ಇಂಜಿನ್ ಮೇಲೆ ಭಾರವಿಲ್ಲದಾಗ ಒಳಗೆ ಸಾಕಷ್ಟು ಬಿಸಿ ಇರುವುದಿಲ್ಲ. ದಪ್ಪ ಎಣ್ಣೆ ಪೂರ್ತಿ ಉರಿಯದೆ ಸಿಲಿಂಡರ್ ಗೋಡೆಯಲ್ಲಿ ಇಳಿದು, ಪಿಸ್ಟನ್ ರಿಂಗ್ ದಾಟಿ, ಕೆಳಗೆ ಇಂಜಿನ್ ಆಯಿಲ್ ನಿಲ್ಲುವ ತೊಟ್ಟಿಗೆ (ಸಂಪ್) ಸೇರುತ್ತದೆ. ಹಾಗೆ ಸೇರಿದ ಡೀಸೆಲ್ ಸ್ವಲ್ಪವಾದರೂ ಆವಿಯಾಗುತ್ತದೆ. ಅಡುಗೆ ಎಣ್ಣೆ ಅಲ್ಲೇ ಉಳಿದು, ಬಿಸಿಗೆ ದಪ್ಪವಾಗಿ, ಒಂದು ದಿನ ಆಯಿಲನ್ನೇ ಗಂಜಿ ಮಾಡುತ್ತದೆ. ಆಯಿಲ್ ಪಂಪ್ ಎಳೆಯಲಾರದೆ ಬೇರಿಂಗ್ ಹೋಗುತ್ತದೆ. ಫಿಲ್ಟರ್ ಕಟ್ಟಿದರೆ ಗಾಡಿ ನಿಂತು ನಿಮಗೆ ಗೊತ್ತಾಗುತ್ತದೆ. ಇದು ಗೊತ್ತೇ ಆಗುವುದಿಲ್ಲ.

ಇವತ್ತೇ ಆಯಿಲ್, ಆಯಿಲ್ ಫಿಲ್ಟರ್ ಎರಡೂ ಬದಲಾಯಿಸಿ. ಅದಕ್ಕೆ ಮುಂಚೆ ಸ್ಟಾರ್ಟ್ ಮಾಡಬೇಡಿ. ಇನ್ನು ಮುಂದೆ ಆಯಿಲನ್ನು ಮಾಮೂಲಿ ಅವಧಿಯ ಅರ್ಧಕ್ಕೇ ಬದಲಾಯಿಸಿ. ಐಡಲ್ ಏನಿದ್ದರೂ ಡೀಸೆಲ್‌ನಲ್ಲಿ. ನಿಲ್ಲಿಸುವ ಮೊದಲು ಕೆಲವು ನಿಮಿಷ ಡೀಸೆಲ್‌ಗೆ ಬನ್ನಿ, ಇಲ್ಲದಿದ್ದರೆ ತಣ್ಣಗಾದ ಎಣ್ಣೆ ಪಂಪಿನಲ್ಲೇ ಕೂತು ಬೆಳಗ್ಗೆ ಸ್ಟಾರ್ಟೇ ಆಗುವುದಿಲ್ಲ.

ಎರಡುಟ್ಯಾಂಕ್:
ಇನ್ನೊಂದು, ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಬೆಂಕಿ ಹಚ್ಚದೆಯೇ ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಬಿಡಿಸಿ, ಬಯಲಲ್ಲಿ ಹರವಿ ಒಣಗಿಸಿ.

ಹಳೇವ್ಯಾನ್ (ಹತ್ತು ದಿನದ ನಂತರ):
ಆಯಿಲ್ ಬದಲಾಯಿಸಿದೆ. ಹಳೆಯದು ಕಪ್ಪಗಿತ್ತು, ಸರಿ, ಆದರೆ ಎರಡು ಬೆರಳ ನಡುವೆ ಹಿಡಿದು ಬಿಡಿಸಿದರೆ ನೂಲಿನಂತೆ ಎಳೆ ಬರುತ್ತಿತ್ತು. ಹೊಸ ಆಯಿಲ್‌ನಲ್ಲಿ ಹಾಗೆ ಬರುವುದಿಲ್ಲ, ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿದೆ.

ಫಿಲ್ಟರ್ ಈಗ ಹೀಟ್ ಎಕ್ಸ್‌ಚೇಂಜರ್ ಆದಮೇಲೆ ಇದೆ. ಹೋಸ್ ಹೊಸದು, ಲೂಪ್ ತೆಗೆದಾಯಿತು. ನಿನ್ನೆ ಒಂದೂವರೆ ಗಂಟೆ ಎಣ್ಣೆಯಲ್ಲೇ ಓಡಿಸಿದೆ, ನಡುವೆ ಎರಡು ದೊಡ್ಡ ಏರು. ಒಂದು ಮಿಸ್ಸಿಂಗ್ ಇಲ್ಲ. ಪಾರದರ್ಶಕ ಪೈಪ್ ಹಾಗೇ ಬಿಟ್ಟಿದ್ದೇನೆ, ಬಿಸಿ ತಾಗಿ ಹಳದಿಯಾಗುವವರೆಗೆ ಇರಲಿ. ಡಿಪ್‌ಸ್ಟಿಕ್ ಮೇಲೆ ಬ್ಲೇಡಿನಿಂದ ಇವತ್ತಿನ ಮಟ್ಟಕ್ಕೆ ಒಂದು ಗೀರು ಹಾಕಿದ್ದೇನೆ. ಮುಂದಿನ ಭಾನುವಾರ ಅಳತೆ ನೋಡಿ ಇಲ್ಲೇ ಬರೆಯುತ್ತೇನೆ.